ಹಳೆಯ ಸ್ನೋಮೊಬೈಲ್‌ಗೆ ಹೊಸ ಬಿಸಿ ಗ್ರಿಪ್: ವೈರಿಂಗ್ ಮೊದಲಿಂದ ಕೊನೆವರೆಗೆ

ಮೈನಸ್ 20 ಡಿಗ್ರಿ ಚಳಿಯಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಗಾಡಿಯಲ್ಲಿ, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋದರೆ ಚರ್ಮಕ್ಕೆ ಅದು ಮೈನಸ್ 35ರಷ್ಟು ಚಳಿಯಾಗಿ ತಟ್ಟುತ್ತದೆ. ಗ್ಲೌಸ್ ಎಷ್ಟೇ ದಪ್ಪ ಇರಲಿ, ಮೊದಲು ಮರಗಟ್ಟುವುದು ಬೆರಳು. ಬೆರಳು ಮರಗಟ್ಟಿದ ಮೇಲೆ ಬ್ರೇಕ್ ಎಷ್ಟು ಹಿಡಿದಿದ್ದೇವೆ, ಥ್ರಾಟಲ್ ಎಷ್ಟು ಒತ್ತಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಅದಕ್ಕೇ ಬಿಸಿ ಗ್ರಿಪ್ಪನ್ನು, ಅಂದರೆ ಒಳಗೆ ಹೀಟರ್ ಇರುವ ಹ್ಯಾಂಡಲ್ ಹಿಡಿಯನ್ನು, ನಾನು ಬ್ರೇಕಿನ ಜೊತೆಗೇ ಎಣಿಸುತ್ತೇನೆ. ಅದು ಕೆಟ್ಟಿದ್ದರೆ ಗಾಡಿ ಹೊರಗೆ ತೆಗೆಯುವುದಿಲ್ಲ.

ಇಪ್ಪತ್ತು ಮೂವತ್ತು ವರ್ಷ ಹಳೆಯ ಗಾಡಿಯಲ್ಲಿ ಗ್ರಿಪ್‌ನ ರಬ್ಬರ್ ಕಲ್ಲಿನಂತಾಗಿರುತ್ತದೆ, ಒಳಗಿನ ಹೀಟರ್ ಎಲಿಮೆಂಟ್ ಎಲ್ಲೋ ತುಂಡಾಗಿರುತ್ತದೆ. ಹೊಸದು ಹಾಕುವುದು ಕಷ್ಟವಿಲ್ಲ. ಒಂದು ಸಂಜೆ ಕೆಲಸ, ಅಂಟು ಒಣಗಲು ಒಂದು ದಿನ. ಆದರೆ ಹೆಚ್ಚಿನವರು ಗ್ರಿಪ್ ಬಿಚ್ಚುವುದರಿಂದ ಶುರು ಮಾಡುತ್ತಾರೆ. ಅಲ್ಲೇ ಎಡವುವುದು. ಈ ಕೆಲಸ ಶುರುವಾಗಬೇಕಾದದ್ದು ಬಾನೆಟ್ ಕೆಳಗೆ, ಕೈಯಲ್ಲಿ ಮಲ್ಟಿಮೀಟರ್ ಹಿಡಿದು. ನನ್ನ ಮೊದಲ ಪ್ರಯತ್ನದಲ್ಲಿ ನಾನು ಅಳೆಯದೆ, ಬೈಕಿಗೆಂದು ಮಾಡಿದ ಎಲೆಕ್ಟ್ರಾನಿಕ್ ಕಂಟ್ರೋಲರ್ ಇರುವ ಕಿಟ್ ತಂದು ನೇರ ಜೋಡಿಸಿದೆ. ಎಂಜಿನ್ ಶುರುವಾಗಿ ಅರ್ಧ ನಿಮಿಷದಲ್ಲಿ ಕಂಟ್ರೋಲರ್ ಸುಟ್ಟ ವಾಸನೆ ಬಂತು. ಕಿಟ್‌ನಲ್ಲಿ ತಪ್ಪಿರಲಿಲ್ಲ. ಅದು ಡಿಸಿಯದು, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನದು. ನನ್ನ ಗಾಡಿ ಕೊಡುತ್ತಿದ್ದದ್ದು ಎಸಿ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್.

ನಿಮ್ಮ ಗಾಡಿಯ ಕರೆಂಟ್ ಯಾವ ಜಾತಿಯದು?

ಹಳೆಯ ಸ್ನೋಮೊಬೈಲ್‌ಗಳಲ್ಲಿ ಬಹಳಷ್ಟಕ್ಕೆ ಬ್ಯಾಟರಿಯೇ ಇರುವುದಿಲ್ಲ. ಹಗ್ಗ ಎಳೆದು ಶುರು ಮಾಡುತ್ತೇವೆ. ಎಂಜಿನ್ ತಿರುಗಿದಾಗ ಅದರ ಜೊತೆ ತಿರುಗುವ ಚಕ್ರದ, ಅಂದರೆ ಫ್ಲೈವೀಲ್‌ನ, ಅಯಸ್ಕಾಂತಗಳು ಅಲುಗದೆ ಕೂತ ಸ್ಟೇಟರ್‌ನ ಕಾಯಿಲ್‌ಗಳ (ತಂತಿ ಸುರುಳಿಗಳ) ಸುತ್ತ ಓಡುತ್ತವೆ, ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ. ಸ್ಪಾರ್ಕ್ ಪ್ಲಗ್‌ನ ಕಿಡಿಗೆ ಬೇರೆ ಕಾಯಿಲ್ ಇರುತ್ತದೆ. ಹೆಡ್‌ಲೈಟ್, ಹಿಂದಿನ ದೀಪ, ಗ್ರಿಪ್, ಹೆಬ್ಬೆರಳಿನ ಹೀಟರ್ (ಹೆಬ್ಬೆರಳಿನಿಂದ ಒತ್ತುವ ಥ್ರಾಟಲ್‌ನದು) ಎಲ್ಲಕ್ಕೂ ಲೈಟಿಂಗ್ ಕಾಯಿಲ್. ಇದರಿಂದ ಬರುವುದು ಎಸಿ. ಎಂಜಿನ್ ವೇಗ ಏರಿದಂತೆ ವೋಲ್ಟೇಜ್ ಕೂಡ ಏರುತ್ತಾ ಹೋಗುತ್ತದೆ. ಅದನ್ನು 14 ವೋಲ್ಟ್ ಆಸುಪಾಸಿನಲ್ಲಿ ತಡೆಯುವುದು ರೆಗ್ಯುಲೇಟರ್. ಹಳೆಯ ಗಾಡಿಗಳ ರೆಗ್ಯುಲೇಟರ್ ಸಾಮಾನ್ಯವಾಗಿ ಮಿಕ್ಕ ಕರೆಂಟನ್ನು ತನ್ನ ಮೂಲಕವೇ ಹಾಯಿಸಿ ಖರ್ಚು ಮಾಡುವ ಜಾತಿಯದು. ಅದಕ್ಕೇ ಅದು ಬಿಸಿಯಾಗುತ್ತದೆ, ಅದಕ್ಕೇ ಅದನ್ನು ಲೋಹದ ಮೈಗೆ ಬಿಗಿಯಾಗಿ ಕೂರಿಸಿರುತ್ತಾರೆ.

ಹೀಟರ್ ಎಲಿಮೆಂಟ್ ಅಂದರೆ ಬರೀ ಒಂದು ರೆಸಿಸ್ಟರ್, ಕರೆಂಟಿಗೆ ತಡೆ ಒಡ್ಡಿ ಬಿಸಿಯಾಗುವಂಥದ್ದು. ಅದಕ್ಕೆ ಎಸಿ ಆದರೂ ಒಂದೇ, ಡಿಸಿ ಆದರೂ ಒಂದೇ, ಪ್ಲಸ್ ಮೈನಸ್ ಕೂಡ ಲೆಕ್ಕಕ್ಕಿಲ್ಲ. ತಕರಾರು ಬರುವುದು ಎಲಿಮೆಂಟ್ ಜೊತೆ ಬರುವ ಎಲೆಕ್ಟ್ರಾನಿಕ್ಸ್‌ನಿಂದ. ಐದು ಹಂತದ ಬಟನ್, ಎಲ್‌ಇಡಿ ಸೂಚಕ, ತಿರುಗಿಸುವ ಕಂಟ್ರೋಲರ್, ಇವೆಲ್ಲ ಡಿಸಿಗೆ ಮಾಡಿದವು. ಮಾಮೂಲಿ ಡಿಸಿ ರಿಲೇ ಕೂಡ ಎಸಿಯಲ್ಲಿ ಸರಿಯಾಗಿ ಕೂರುವುದಿಲ್ಲ, ಕಟಕಟ ಅಂತ ನಡುಗುತ್ತಿರುತ್ತದೆ. ಎಸಿ ಗಾಡಿಗೆ ಸಾದಾ ಎಲಿಮೆಂಟ್, ಸಾದಾ ಸ್ವಿಚ್. ಅಷ್ಟೇ ಸಾಕು, ಅದೇ ಬಾಳಿಕೆ ಬರುವುದು.

ತಿಳಿಯುವುದು ಹೇಗೆ? ಗಾಡಿಯನ್ನು ಬಾಗಿಲು ತೆರೆದ ಜಾಗದಲ್ಲಿ ನಿಲ್ಲಿಸಿ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ಮುಚ್ಚಿದ ಶೆಡ್‌ನಲ್ಲಿ ಅದು ಪ್ರಾಣ ತೆಗೆಯುತ್ತದೆ. ಗಾಡಿಯ ಹಿಂದೆ ಯಾರೂ ನಿಲ್ಲಬಾರದು. ಎಂಜಿನ್ ಶುರು ಮಾಡಿ, ಐಡಲ್‌ಗಿಂತ ಸ್ವಲ್ಪ ಜಾಸ್ತಿ, ನಿಮಿಷಕ್ಕೆ ಸುಮಾರು 2,000 ಸುತ್ತಿನಲ್ಲಿ ಇಡಿ. ಬೆಲ್ಟ್ ಹಿಡಿದು ಗಾಡಿ ಹೊರಡುವ ವೇಗಕ್ಕೆ ಹೋಗಬೇಡಿ. ಹೆಚ್ಚಿನ ಗಾಡಿಗಳಲ್ಲಿ ಅದು 3,000 ಸುತ್ತು ದಾಟಿದ ಮೇಲೆ. ಹೆಡ್‌ಲೈಟ್ ಕನೆಕ್ಟರ್‌ನಲ್ಲಿ ಮೊದಲು ಮೀಟರ್‌ನ ಎಸಿ ಗುಂಡಿಯಲ್ಲಿ, ಆಮೇಲೆ ಡಿಸಿ ಗುಂಡಿಯಲ್ಲಿ ಅಳೆಯಿರಿ. ಎಸಿಯಲ್ಲಿ 12ರ ಆಸುಪಾಸು ತೋರಿಸಿ ಡಿಸಿಯಲ್ಲಿ ಹೆಚ್ಚುಕಡಿಮೆ ಸೊನ್ನೆ ತೋರಿಸಿದರೆ ಅದು ಎಸಿ ಗಾಡಿ.

ಇಲ್ಲಿ ಒಂದು ಮಾತು. ಈ ಎಸಿ ಮನೆಯ ಎಸಿಯಂತೆ ನಯವಾದ ಅಲೆ ಅಲ್ಲ. ರೆಗ್ಯುಲೇಟರ್ ಅದರ ತುದಿಯನ್ನು ಕತ್ತರಿಸಿರುತ್ತದೆ. ಫ್ರೀಕ್ವೆನ್ಸಿಯೂ ಜಾಸ್ತಿ. 12 ಪೋಲ್‌ನ (ಅಯಸ್ಕಾಂತ ಧ್ರುವಗಳ) ಫ್ಲೈವೀಲ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಸೆಕೆಂಡಿಗೆ 400 ಅಲೆ. ಸೋವಿ ಮೀಟರ್‌ಗಳು ಇಂಥದ್ದನ್ನು ತಪ್ಪಾಗಿ ಓದುತ್ತವೆ. ಇಂಥ ಅಲೆಯನ್ನೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಕಿ ಒಂದೆರಡು ವೋಲ್ಟ್ ಆಚೀಚೆ ಬಂತು ಅಂತ ಗಾಬರಿ ಬೇಡ.

ಬ್ಯಾಟರಿ ಇದ್ದರೂ ಎಲ್ಲವೂ ಡಿಸಿ ಅಂದುಕೊಳ್ಳಬೇಡಿ. ಕೆಲವು ಎಲೆಕ್ಟ್ರಿಕ್ ಸ್ಟಾರ್ಟ್ ಗಾಡಿಗಳಲ್ಲಿ ಸ್ಟಾರ್ಟರ್ ಮಾತ್ರ ಬ್ಯಾಟರಿಯ ಡಿಸಿಯಲ್ಲಿ, ದೀಪ ಮತ್ತು ಹೀಟರ್ ಎಸಿಯಲ್ಲಿ ಇರುತ್ತವೆ. ಎರಡನ್ನೂ ಬೆರೆಸಬಾರದು.

ಬಾಡಿ ಅರ್ಥ್ ಇದೆಯೋ ಇಲ್ಲವೋ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕಾರು, ಬೈಕುಗಳಲ್ಲಿ ಒಂದು ವೈರನ್ನು ಗಾಡಿಯ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿಸಿದರೆ ಕೆಲಸ ಆಯಿತು. ಸ್ನೋಮೊಬೈಲ್‌ಗಳಲ್ಲಿ ಹಾಗಲ್ಲ. ಕೆಲವುದರಲ್ಲಿ ಲೈಟಿಂಗ್ ಕಾಯಿಲ್‌ನ ಒಂದು ತುದಿ ಎಂಜಿನ್‌ಗೆ ಸೇರಿರುತ್ತದೆ. ಇನ್ನು ಕೆಲವುದರಲ್ಲಿ ಎರಡೂ ತುದಿ ಬಾಡಿಯಿಂದ ಬೇರೆಯಾಗಿ, ತೇಲುತ್ತಿರುತ್ತವೆ. ತೇಲುವ ಜಾತಿಯ ಗಾಡಿಯಲ್ಲಿ ಗ್ರಿಪ್‌ನ ಒಂದು ವೈರನ್ನು ಹ್ಯಾಂಡಲ್‌ಗೆ ಬಿಗಿದರೆ ಗ್ರಿಪ್ ಬಿಸಿಯಾಗುವುದಿಲ್ಲ. ಅದರ ಮೇಲೆ ಮುಂದೊಂದು ದಿನ ಬೇರೆ ವೈರ್ ಎಲ್ಲಾದರೂ ಸವೆದು ಬಾಡಿ ಮುಟ್ಟಿದರೆ ಶಾರ್ಟ್.

ಎಂಜಿನ್ ನಿಲ್ಲಿಸಿ. ಸ್ಟೇಟರ್‌ನಿಂದ ಬರುವ ಪ್ಲಗ್ ಬಿಚ್ಚಿ. ಹಳದಿ ಬಣ್ಣದ ವೈರ್ ಬಹಳ ಕಂಪನಿಗಳಲ್ಲಿ ಲೈಟಿಂಗ್ ಕಾಯಿಲ್‌ನದು. ಆದರೂ ಬಣ್ಣವನ್ನಷ್ಟೇ ನಂಬಬೇಡಿ, ಹಳೆಯ ಗಾಡಿಗೆ ನಾಲ್ಕು ಕೈ ಬಿದ್ದಿರುತ್ತದೆ. ಕಾಯಿಲ್‌ನ ಎರಡು ವೈರ್ ನಡುವೆ ಅಳೆದರೆ ಒಂದು ಓಮ್‌ಗಿಂತ ಕಡಿಮೆ ಬರುವುದು ಸಾಮಾನ್ಯ. ಈಗ ಪ್ರತಿ ವೈರಿನಿಂದ ಎಂಜಿನ್‌ನ ಬರಿ ಲೋಹಕ್ಕೆ ಅಳೆಯಿರಿ. ಸೊನ್ನೆ ಹತ್ತಿರ ಬಂದರೆ ಬಾಡಿ ಅರ್ಥ್ ಇದೆ. ಎರಡರಲ್ಲೂ ಮೀಟರ್ ಓಪನ್, ಅಂದರೆ ಸಂಪರ್ಕವೇ ಇಲ್ಲ, ಅಂತ ತೋರಿಸಿದರೆ ತೇಲುವ ಕಾಯಿಲ್.

ನನ್ನ ಸಲಹೆ ಕೇಳಿದರೆ, ಯಾವ ಜಾತಿಯೇ ಇರಲಿ, ಗ್ರಿಪ್‌ಗೆ ಹೋಗುವ ವೈರ್ ಮತ್ತು ವಾಪಸ್ ಬರುವ ವೈರ್ ಎರಡನ್ನೂ ಹಾರ್ನೆಸ್‌ಗೇ, ಅಂದರೆ ಗಾಡಿಯ ವೈರುಗಳ ಕಟ್ಟಿಗೇ, ತನ್ನಿ. ಹ್ಯಾಂಡಲ್‌ಗೂ ಬಾಡಿಗೂ ನಡುವೆ ಪೇಂಟ್, ಗ್ರೀಸ್, ಪ್ಲಾಸ್ಟಿಕ್ ಬುಶ್ ಎಲ್ಲ ಇರುತ್ತವೆ. ಅವುಗಳ ಮೂಲಕ ಕರೆಂಟ್ ಹಾಯುತ್ತದೆ ಅಂತ ನಂಬುವುದು ಬೇಡ.

ಎಷ್ಟು ವ್ಯಾಟ್ ಉಳಿದಿದೆ

ಹಳೆಯ ಗಾಡಿಗಳ ಲೈಟಿಂಗ್ ಕಾಯಿಲ್ 75 ವ್ಯಾಟ್, 120 ವ್ಯಾಟ್, 150 ವ್ಯಾಟ್ ಹೀಗೆ ಇರುತ್ತಿತ್ತು. ಅದೂ ಎಂಜಿನ್ ವೇಗವಾಗಿ ತಿರುಗುವಾಗ ಮಾತ್ರ. ಐಡಲ್‌ನಲ್ಲಿ ಅಷ್ಟು ಬರುವುದಿಲ್ಲ.

120 ವ್ಯಾಟ್‌ನ ಗಾಡಿ ಅಂದುಕೊಳ್ಳಿ. ಹೆಡ್‌ಲೈಟ್ ಹೈ ಬೀಮ್ 60, ಹಿಂದಿನ ದೀಪ 8, ಬ್ರೇಕ್ ದೀಪ 27, ಡ್ಯಾಶ್‌ನ ಸಣ್ಣ ಬಲ್ಬುಗಳು 6, ಹೆಬ್ಬೆರಳಿನ ಹೀಟರ್ 8, ಗ್ರಿಪ್ ಜೋಡಿ 30. ಕೂಡಿಸಿದರೆ 139. ಬ್ರೇಕ್ ಹಿಡಿಯದಾಗ 112. ಅಂದರೆ ಓಡುವಾಗ ಸರಿಹೋಗುತ್ತದೆ. ಬ್ರೇಕ್ ಹಿಡಿದ ಕ್ಷಣ ದೀಪ ಮಂಕಾಗುತ್ತದೆ, ಬಿಟ್ಟರೆ ಮತ್ತೆ ಸರಿ. ಇದು ಸಹಿಸಬಹುದಾದದ್ದು. ಅದೇ ಗಾಡಿಗೆ 60 ವ್ಯಾಟ್‌ನ ಗ್ರಿಪ್ ಹಾಕಿದರೆ ರಾತ್ರಿ ದಾರಿ ಕಾಣುವುದಿಲ್ಲ. 75 ವ್ಯಾಟ್‌ನ ಗಾಡಿಯಾದರೆ 20 ವ್ಯಾಟ್‌ನ ಜೋಡಿಗಿಂತ ಮೇಲೆ ಹೋಗಬೇಡಿ. ಅಲ್ಲೂ ದೀಪ ಮಂಕಾಗಬಹುದು, ಬ್ರೇಕ್ ಹಿಡಿದಾಗ ಇನ್ನೂ ಹೆಚ್ಚು. ಹೆಡ್‌ಲೈಟನ್ನು ಎಲ್‌ಇಡಿಗೆ ಬದಲಿಸಿ ವ್ಯಾಟ್ ಉಳಿಸಬಹುದು, ಆದರೆ ಆ ಎಲ್‌ಇಡಿ ಎಸಿಯಲ್ಲೂ ಉರಿಯುವಂಥದ್ದೇ ಇರಬೇಕು.

ಹಳೆಯ ಗ್ರಿಪ್‌ನ ಲೆಕ್ಕ ಬರೆದಿಡಿ

ಹಳೆಯ ಗ್ರಿಪ್‌ನ ಕನೆಕ್ಟರ್ ಬಿಚ್ಚಿ ಓಮ್ ಅಳೆಯಿರಿ. ಮೊದಲು ಮೀಟರ್‌ನ ಎರಡು ಮೊನೆ ಒಂದಕ್ಕೊಂದು ತಾಗಿಸಿ ನೋಡಿ. ಬರುವ 0.2 ಅಥವಾ 0.3 ಓಮ್ ಮೀಟರ್ ವೈರಿನದೇ, ಅದನ್ನು ಕಳೆಯಬೇಕು. ವೋಲ್ಟ್ ಅನ್ನು ವೋಲ್ಟ್‌ನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 12 ವೋಲ್ಟ್‌ಗೆ 144. ಎಲಿಮೆಂಟ್ 9.6 ಓಮ್ ಇದ್ದರೆ 15 ವ್ಯಾಟ್, ಜೋಡಿಗೆ 30. ಎಲಿಮೆಂಟ್ 5 ಓಮ್ ಇದ್ದರೆ 28.8 ವ್ಯಾಟ್, ಜೋಡಿಗೆ 57.6, ಅಂದರೆ 4.8 ಆಂಪಿಯರ್. ಹೊಸ ಕಿಟ್ ಕೊಳ್ಳುವಾಗ ಡಬ್ಬದ ಮೇಲಿನ ಚಿತ್ರ ನೋಡಬೇಡಿ, ಈ ಅಂಕಿ ನೋಡಿ.

ಒಂದು ಕಡೆ ಓಪನ್ ತೋರಿಸಿದರೆ ಇನ್ನೊಂದು ಕಡೆಯದ್ದನ್ನು ಅಳೆಯಿರಿ, ಸಾಮಾನ್ಯವಾಗಿ ಎರಡೂ ಒಂದೇ. ಎಲಿಮೆಂಟ್‌ಗೆ ಮೂರು ವೈರ್ ಬಂದಿದ್ದರೆ ಅದರಲ್ಲಿ ಒಂದು ಎರಡಕ್ಕೂ ಸೇರಿದ್ದು, ಒಂದು ಹೈ, ಒಂದು ಲೋ. ಎರಡೆರಡು ವೈರಿನ ನಡುವೆ ಮೂರೂ ಬಾರಿ ಅಳೆಯಿರಿ. ಅತಿ ಹೆಚ್ಚು ಓಮ್ ಬಂದ ಜೋಡಿಯಲ್ಲಿ ಇಲ್ಲದ ವೈರೇ ಎರಡಕ್ಕೂ ಸೇರಿದ್ದು.

ಬಲ್ಬುಗಳು ಪದೇಪದೇ ಹೋಗುವ ಗಾಡಿ ನಿಮ್ಮದಾದರೆ ಇಲ್ಲಿಗೇ ನಿಲ್ಲಿ. ರೆಗ್ಯುಲೇಟರ್ ಕೆಟ್ಟಿರಬಹುದು, ಅಥವಾ ಅದರ ಅರ್ಥ್ ಬಿಟ್ಟಿರಬಹುದು. ಅದನ್ನು ಸರಿಮಾಡದೆ ಹೊಸ ಗ್ರಿಪ್ ಹಾಕಿದರೆ ಬಲ್ಬಿನ ಗತಿಯೇ ಅದಕ್ಕೂ.

ಸಾಮಾನು

ಎಲಿಮೆಂಟ್ ಕಿಟ್, ಹೊಸ ಗ್ರಿಪ್, ನಿಧಾನ ಒಣಗುವ ಎರಡು ಭಾಗದ ಎಪಾಕ್ಸಿ, ಹ್ಯಾಂಡಲ್‌ಗೆ ಹೊಂದುವ ದಪ್ಪ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ). ಹ್ಯಾಂಡಲ್ ಸಾಮಾನ್ಯವಾಗಿ 22.2 ಮಿಲಿಮೀಟರ್ ದಪ್ಪ ಇರುತ್ತದೆ. 1 ಸ್ಕ್ವೇರ್ ಎಂಎಂ ಎಳೆ ವೈರ್, ಸಿಲಿಕೋನ್ ಹೊದಿಕೆಯದು ಸಿಕ್ಕರೆ ಅದೇ ಇರಲಿ. ಮಾಮೂಲಿ ಪಿವಿಸಿ ಚಳಿಗೆ ಗಟ್ಟಿಯಾಗಿ ಬಿರಿಯುತ್ತದೆ. 5 ಆಂಪಿಯರ್ ಫ್ಯೂಸ್ ಮತ್ತು ನೀರು ಹೋಗದ ಫ್ಯೂಸ್ ಹೋಲ್ಡರ್. ಒಳಗೆ ಅಂಟು ಸವರಿರುವ ಹೀಟ್ ಶ್ರಿಂಕ್ ಕ್ರಿಂಪ್ (ಒತ್ತಿ ವೈರ್ ಹಿಡಿಸುವ) ಕನೆಕ್ಟರ್‌ಗಳು, ಒಳ್ಳೆಯ ಕ್ರಿಂಪಿಂಗ್ ಪ್ಲೈಯರ್, ಡೈಎಲೆಕ್ಟ್ರಿಕ್ ಗ್ರೀಸ್, ನೈಲಾನ್ ಟೈ. ಆರು ಕಾಲಿನ ಟಾಗಲ್ ಸ್ವಿಚ್ ಒಂದು, ನಡುವೆ ಆಫ್, ಎರಡೂ ಕಡೆ ಆನ್.

ವೈರನ್ನು ಚುಚ್ಚಿ ಹಿಡಿಯುವ ಟ್ಯಾಪ್ ಕನೆಕ್ಟರ್ ಮಾತ್ರ ಬೇಡ. ಅದು ಎಳೆಗಳನ್ನು ಕತ್ತರಿಸುತ್ತದೆ, ಗಾಯದೊಳಗೆ ಹಿಮದ ನೀರು ಸೇರಿ ತಾಮ್ರ ಹಸಿರಾಗುತ್ತದೆ.

ಹಳೆಯ ಗ್ರಿಪ್ ಬಿಚ್ಚುವುದು

ಬ್ಯಾಟರಿ ಇದ್ದರೆ ಮೈನಸ್ ಬಿಚ್ಚಿ. ಹಳೆಯ ವೈರ್ ಹಾದುಹೋದ ದಾರಿಯ ಫೋಟೊ ತೆಗೆಯಿರಿ. ಆ ದಾರಿಯನ್ನು ಕಂಪನಿಯವರು ಯೋಚಿಸಿಯೇ ಮಾಡಿರುತ್ತಾರೆ, ಸುಮ್ನೆ ಬದಲಿಸಬೇಡಿ. ಗ್ರಿಪ್ಪನ್ನು ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಬ್ಲೇಡ್ ಯಾವಾಗಲೂ ನಿಮ್ಮಿಂದ ದೂರ ಹೋಗಲಿ. ಕೆಳಗಿನ ಎಲಿಮೆಂಟ್ ಗಟ್ಟಿ ಅಂಟಿದ್ದರೆ ಹೀಟ್ ಗನ್ನಿನಿಂದ ಬೆಚ್ಚಗೆ ಮಾಡಿ ಕೆರೆಯಿರಿ. ಕೆಳಗೆ ಪೆಟ್ರೋಲ್ ಟ್ಯಾಂಕ್ ಇದೆ, ಬೆಂಕಿ ಹತ್ತಿರ ತರಬಾರದು. ಕೊನೆಗೆ ಒರಟು ಕಾಗದದಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ.

ಹೊಸದನ್ನು ಕೂರಿಸುವುದು

ಬರಿ ಲೋಹದ ಮೇಲೆ ಎಲಿಮೆಂಟ್ ಅಂಟಿಸಿದರೆ ಅರ್ಧ ಶಾಖ ಹ್ಯಾಂಡಲ್‌ಗೇ ಹೋಗುತ್ತದೆ. ಉದ್ದದ ಲೋಹದ ಕೊಳವೆ, ಚಳಿಗಾಳಿಗೆ ಒಡ್ಡಿಕೊಂಡಿರುತ್ತದೆ, ಶಾಖವನ್ನು ಹೀರುತ್ತಲೇ ಇರುತ್ತದೆ. ಗ್ರಿಪ್ ಬಿಸಿಯೇ ಆಗುವುದಿಲ್ಲ ಅಂತ ದೂರುವವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಇದನ್ನೇ. ಅದಕ್ಕೆ ಮೊದಲು ಹೀಟ್ ಶ್ರಿಂಕ್ ಸ್ಲೀವ್ ಒಂದು ಪದರ, ಜಾಗ ಇದ್ದರೆ ಎರಡು ಪದರ ಹಾಕಿ ಬಿಗಿ ಮಾಡಿ. ದಪ್ಪ ಹೆಚ್ಚಾಗಿ ಗ್ರಿಪ್ ಹತ್ತದೇ ಹೋದೀತು, ಒಣದಾಗಿಯೇ ಹಾಕಿ ನೋಡಿಕೊಳ್ಳಿ. ಬೈಕಿನಲ್ಲಿ ಬಲಗೈ ಗ್ರಿಪ್ ತಿರುಗುತ್ತದೆ, ಅದರ ಕೆಳಗೆ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಹಾಗಾಗಿ ಬೈಕಿನ ಕೆಲವು ಕಿಟ್‌ಗಳಲ್ಲಿ ಎಡಬಲದ ಎಲಿಮೆಂಟ್ ಬೇರೆಬೇರೆ ಓಮ್. ಸ್ನೋಮೊಬೈಲ್‌ನಲ್ಲಿ ಥ್ರಾಟಲ್ ಹೆಬ್ಬೆರಳಿನಲ್ಲಿ, ಎರಡೂ ಗ್ರಿಪ್ ಅಲುಗಾಡದೆ ಕೂತಿರುತ್ತವೆ. ಎರಡೂ ಕಡೆ ಒಂದೇ ಓಮ್ ಇರುವ ಕಿಟ್ಟೇ ಬೇಕು.

ಅಂಟಿಸುವ ಮೊದಲು ಎರಡೂ ಎಲಿಮೆಂಟ್‌ಗಳನ್ನು ಒಂದು 12 ವೋಲ್ಟ್ ಬ್ಯಾಟರಿಗೆ ಇಪ್ಪತ್ತು ಸೆಕೆಂಡ್ ತಾಗಿಸಿ ನೋಡಿ. ಸಮನಾಗಿ ಬೆಚ್ಚಗಾಗಬೇಕು. ಅದಕ್ಕಿಂತ ಹೆಚ್ಚು ಹೊತ್ತು ಬೇಡ.

ವೈರ್ ಹೊರಬರುವ ತುದಿ ಒಳಬದಿಗೆ, ಹ್ಯಾಂಡಲ್‌ನ ಕೆಳಭಾಗಕ್ಕೆ ಇರಲಿ. ಬ್ರೇಕ್ ಲಿವರ್ ಪೂರ್ತಿ ಒತ್ತಿದಾಗಲೂ ಅದಕ್ಕೆ ತಾಗಬಾರದು. ಎಲಿಮೆಂಟನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಿ, ಮಡಿಕೆ ಬೀಳಬಾರದು. ಎರಡು ಅಂಚು ಒಂದರ ಮೇಲೊಂದು ಕೂತರೆ ಅಲ್ಲಿ ಶಾಖ ದುಪ್ಪಟ್ಟಾಗಿ ಸುಡುತ್ತದೆ. 2 ಮಿಲಿಮೀಟರ್ ಬಿಡುವು ಇರಲಿ. ಅಂಟಿಸಿದ ಮೇಲೆ ಇನ್ನೊಮ್ಮೆ ಓಮ್ ಅಳೆಯಿರಿ, ಮತ್ತು ಎಲಿಮೆಂಟ್ ವೈರಿನಿಂದ ಹ್ಯಾಂಡಲ್ ಲೋಹಕ್ಕೆ ಓಪನ್ ಇದೆಯಾ ನೋಡಿ.

ಈಗ ಗ್ರಿಪ್. ಎಪಾಕ್ಸಿಯನ್ನು ಎಲಿಮೆಂಟ್ ಮೇಲೂ ಗ್ರಿಪ್ ಒಳಗೂ ತೆಳುವಾಗಿ ಸವರಿ ನೇರವಾಗಿ ತಳ್ಳಿ. ತಿರುಚಿ ತಳ್ಳಬೇಡಿ! ಮಾಮೂಲಿ ಗ್ರಿಪ್ ಹಾಕುವವರ ಕೈ ತಾನಾಗೇ ತಿರುಚುತ್ತದೆ. ಇಲ್ಲಿ ತಿರುಚಿದರೆ ಎಲಿಮೆಂಟ್‌ಗೆ ವೈರ್ ಬೆಸೆದ ಜಾಗ ಹರಿಯುತ್ತದೆ. ಬೆಚ್ಚಗಿನ ಕೋಣೆಯಲ್ಲಿ 24 ಗಂಟೆ ಬಿಡಿ, ಚಳಿಯಲ್ಲಿ ಎಪಾಕ್ಸಿ ಗಟ್ಟಿಯಾಗುವುದೇ ಇಲ್ಲ. ಒಣಗುವ ಮೊದಲು ಕರೆಂಟ್ ಕೊಡಬೇಡಿ. ಹೇರ್ ಸ್ಪ್ರೇ ಹಾಕಿ ಗ್ರಿಪ್ ಕೂರಿಸುವ ಅಭ್ಯಾಸ ಕೆಲವರಿಗಿದೆ. ಬಿಸಿಯಾಗುವ ಗ್ರಿಪ್‌ಗೆ ಅದು ನಿಲ್ಲುವುದಿಲ್ಲ. ತಿರುವಿನಲ್ಲಿ ಗ್ರಿಪ್ ಕೈಯಲ್ಲಿ ಜಾರಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ಸ್ವಿಚ್: ಹೈ, ಲೋ, ಆಫ್

ಕಿಟ್‌ಗಳಲ್ಲಿ ಸಾಮಾನ್ಯವಾಗಿ ಲೋ ಹಂತಕ್ಕೆ ಒಂದು ಸೆರಾಮಿಕ್ ರೆಸಿಸ್ಟರ್ ಕೊಡುತ್ತಾರೆ. ಕೆಲಸ ಮಾಡುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 9.6 ಓಮ್‌ನ ಎರಡು ಎಲಿಮೆಂಟ್ ಪ್ಯಾರಲಲ್ ಆದರೆ, ಅಂದರೆ ಎರಡಕ್ಕೂ ಬೇರೆಬೇರೆಯಾಗಿ ಕರೆಂಟ್ ಹೋದರೆ, 4.8 ಓಮ್. ಅದಕ್ಕೆ 5 ಓಮ್ ರೆಸಿಸ್ಟರ್ ಸೇರಿಸಿದರೆ 1.2 ಆಂಪಿಯರ್ ಹರಿಯುತ್ತದೆ. ಗ್ರಿಪ್‌ಗೆ ಸುಮಾರು 7 ವ್ಯಾಟ್, ರೆಸಿಸ್ಟರ್‌ಗೂ ಅಷ್ಟೇ. ಅಂದರೆ ಅರ್ಧ ಶಾಖ ಬಾನೆಟ್ ಕೆಳಗೆ ಸುಮ್ನೆ ಹಾಳಾಗಿ ಹೋಗುತ್ತದೆ. ಆ ರೆಸಿಸ್ಟರ್ ಮುಟ್ಟಿದರೆ ಸುಡುವಷ್ಟು ಬಿಸಿಯಾಗುತ್ತದೆ, ಅದಕ್ಕೆ ಲೋಹದ ಮೇಲೆ, ಪ್ಲಾಸ್ಟಿಕ್‌ನಿಂದ ದೂರ ಜಾಗ ಹುಡುಕಬೇಕು.

ವ್ಯಾಟ್‌ಗೆ ಬರ ಇರುವ ಗಾಡಿಯಲ್ಲಿ ನನಗೆ ಇದು ಹಿಡಿಸುವುದಿಲ್ಲ. ಆರು ಕಾಲಿನ ಸ್ವಿಚ್ ಇದ್ದರೆ ಹೈನಲ್ಲಿ ಎರಡು ಎಲಿಮೆಂಟ್ ಪ್ಯಾರಲಲ್, ಲೋನಲ್ಲಿ ಸೀರೀಸ್ (ಒಂದರ ಹಿಂದೆ ಒಂದು) ಮಾಡಬಹುದು. ರೆಸಿಸ್ಟರ್ ಬೇಡವೇ ಬೇಡ. ಸೀರೀಸ್‌ನಲ್ಲಿ 19.2 ಓಮ್, ಒಟ್ಟು 7.5 ವ್ಯಾಟ್, ಅಷ್ಟೂ ಕೈಗೇ.

ಜೋಡಿಸುವುದು ಹೀಗೆ. ಫ್ಯೂಸ್ ದಾಟಿ ಬರುವ ವೈರನ್ನು ಫೀಡ್ ಅನ್ನೋಣ, ಹಾರ್ನೆಸ್‌ಗೆ ವಾಪಸ್ ಹೋಗುವುದನ್ನು ರಿಟರ್ನ್ ಅನ್ನೋಣ. ಸ್ವಿಚ್‌ನಲ್ಲಿ ಎರಡು ಸಾಲು, ಸಾಲಿಗೆ ಮೂರು ಕಾಲು, ನಡುವಿನದ್ದು ಕಾಮನ್.

1. ಎಡ ಎಲಿಮೆಂಟ್‌ನ ಒಂದು ತುದಿ ನೇರ ಫೀಡ್‌ಗೆ. ಬಲ ಎಲಿಮೆಂಟ್‌ನ ಒಂದು ತುದಿ ನೇರ ರಿಟರ್ನ್‌ಗೆ.
2. ಎಡ ಎಲಿಮೆಂಟ್‌ನ ಇನ್ನೊಂದು ತುದಿ ಮೊದಲ ಸಾಲಿನ ಕಾಮನ್‌ಗೆ. ಬಲದ ಇನ್ನೊಂದು ತುದಿ ಎರಡನೇ ಸಾಲಿನ ಕಾಮನ್‌ಗೆ.
3. ಮೇಲಿನ ಕಾಲುಗಳಲ್ಲಿ, ಮೊದಲ ಸಾಲಿನದ್ದಕ್ಕೆ ರಿಟರ್ನ್, ಎರಡನೇ ಸಾಲಿನದ್ದಕ್ಕೆ ಫೀಡ್.
4. ಕೆಳಗಿನ ಎರಡು ಕಾಲುಗಳನ್ನು ಒಂದು ತುಂಡು ವೈರಿನಿಂದ ಒಂದಕ್ಕೊಂದು ಸೇರಿಸಿ.

ಮೇಲಿನ ಕಾಲುಗಳು ತಾಗಿದಾಗ ಎರಡಕ್ಕೂ ಪೂರ್ತಿ ವೋಲ್ಟೇಜ್. ಕೆಳಗಿನವು ತಾಗಿದಾಗ ಕರೆಂಟ್ ಎಡ ಎಲಿಮೆಂಟ್ ದಾಟಿ, ತುಂಡು ವೈರ್ ದಾಟಿ, ಬಲಕ್ಕೆ ಹೋಗುತ್ತದೆ. ನಡುವೆ ಆಫ್. ಟಾಗಲ್ ಸ್ವಿಚ್ ಬಹಳಷ್ಟರಲ್ಲಿ ಹಿಡಿಯನ್ನು ಮೇಲೆ ತಳ್ಳಿದರೆ ತಾಗುವುದು ಕೆಳಗಿನ ಕಾಲು. ಮೀಟರ್‌ನಿಂದ ನೋಡಿಕೊಂಡು ಗುರುತು ಹಾಕಿ. ನೆನಪಿಡಿ, ಇದು ಪ್ರತಿ ಎಲಿಮೆಂಟ್‌ಗೆ ಎರಡೇ ವೈರ್ ಇರುವ ಕಿಟ್‌ಗೆ ಮಾತ್ರ. ಮೂರು ವೈರಿನ ಎಲಿಮೆಂಟ್ ಆದರೆ ಹೈ ಲೋ ಅದರೊಳಗೇ ಇದೆ, ಮೂರು ಕಾಲಿನ ಸ್ವಿಚ್ ಸಾಕು, ಹಳೆಯ ಸ್ವಿಚ್ಚನ್ನೇ ಶುಚಿ ಮಾಡಿ ಬಳಸಬಹುದು.

ವೈರ್ ಹಾಯಿಸುವ ದಾರಿ

ಬಿಸಿ ಗ್ರಿಪ್ ಕೆಡುವುದು ಹೆಚ್ಚಾಗಿ ಸ್ಟಿಯರಿಂಗ್ ಪೋಸ್ಟ್ ಹತ್ತಿರ. ಹ್ಯಾಂಡಲ್ ತಿರುಗಿದ ಪ್ರತಿ ಸಲವೂ ಅಲ್ಲಿ ವೈರ್ ಬಾಗುತ್ತದೆ. ಒಂದೇ ಬಿಂದುವಿನಲ್ಲಿ ಬಾಗಿದರೆ ಒಂದು ಸೀಸನ್ ಬಾಳುವುದೂ ಕಷ್ಟ. ಅದಕ್ಕೆ ಪೋಸ್ಟ್‌ಗೆ ಉದ್ದಕ್ಕೆ ವೈರ್ ತಂದು, ತಿರುಗದ ಭಾಗಕ್ಕೆ ದಾಟುವಲ್ಲಿ ಒಂದು ದೊಡ್ಡ ಸಡಿಲ ಬಳುಕು ಬಿಡಿ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಎಲ್ಲೂ ಬಿಗಿಯಬಾರದು, ಎಲ್ಲೂ ಸಿಕ್ಕಿಕೊಳ್ಳಬಾರದು.

ಥ್ರಾಟಲ್ ಕೇಬಲ್ ಜೊತೆ ವೈರನ್ನು ಬಿಗಿಯಾಗಿ ಕಟ್ಟಬೇಡಿ. ಬ್ರೇಕ್ ಹೋಸ್‌ಗೂ ಹಾಗೆಯೇ. ಕಟ್ಟಿದ ಮೇಲೆ ಥ್ರಾಟಲ್ ಒತ್ತಿ ಬಿಡಿ, ಹ್ಯಾಂಡಲ್ ಯಾವ ಕಡೆ ಇದ್ದರೂ ಅದು ಟಕ್ ಅಂತ ವಾಪಸ್ ಬರಬೇಕು. ಕೆಲವು ಗಾಡಿಗಳಲ್ಲಿ ಕೇಬಲ್ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸುವ ಸಣ್ಣ ಸ್ವಿಚ್ ಥ್ರಾಟಲ್ ಮನೆಯೊಳಗೇ ಇರುತ್ತದೆ. ಅದರ ವೈರುಗಳನ್ನು ಮುಟ್ಟಬೇಡಿ, ಅವುಗಳಿಂದ ಕರೆಂಟ್ ತಗೊಳ್ಳಲೂಬೇಡಿ. ಎಗ್ಸಾಸ್ಟ್ ಪೈಪಿನಿಂದ, ಬೆಲ್ಟಿನಿಂದ ವೈರ್ ಒಂದು ಗೇಣು ದೂರ ಇರಲಿ. ಲೋಹದ ತೂತಿನಲ್ಲಿ ಹಾಯುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಹಾಕಿ.

ಹಾರ್ನೆಸ್‌ಗೆ ಸೇರಿಸುವುದು

ಕಂಪನಿಯ ಗ್ರಿಪ್ ಹೀಟರ್ ವೈರುಗಳು ಇನ್ನೂ ಇದ್ದರೆ ಅಲ್ಲೇ ಸೇರಿಸಿ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಲ್ಲದಿದ್ದರೆ ಹೆಡ್‌ಲೈಟ್‌ಗೆ ಹೋಗುವ ಮುಖ್ಯ ವೈರಿನಿಂದ, ಹೈ ಲೋ ಬೀಮ್ ಸ್ವಿಚ್‌ಗಿಂತ ಮೊದಲೇ ತಗೊಳ್ಳಿ. ಅದರ ನಂತರ ತಗೊಂಡರೆ ಬೀಮ್ ಬದಲಿಸಿದಾಗ ಗ್ರಿಪ್ ತಣ್ಣಗಾಗುತ್ತದೆ. ಬ್ಯಾಟರಿಯ ಡಿಸಿಯಿಂದ ತಗೊಳ್ಳುವ ಗಾಡಿಯಲ್ಲಿ ಕೀ ಆನ್ ಆದಾಗ ಮಾತ್ರ ಬರುವ ವೈರೇ ಆಗಬೇಕು. ಇಲ್ಲದಿದ್ದರೆ ಸ್ವಿಚ್ ಮರೆತ ರಾತ್ರಿ ಬ್ಯಾಟರಿ ಖಾಲಿ. ಎಸಿ ಗಾಡಿಯಲ್ಲಿ ಈ ಚಿಂತೆ ಇಲ್ಲ, ಎಂಜಿನ್ ನಿಂತರೆ ಕರೆಂಟೂ ನಿಂತಿತು.

ಫ್ಯೂಸ್ ಟ್ಯಾಪ್ ಮಾಡಿದ ಜಾಗಕ್ಕೆ ಆದಷ್ಟು ಹತ್ತಿರ ಇರಲಿ. ಎಸಿಯಲ್ಲೂ ಫ್ಯೂಸ್ ಕೆಲಸ ಮಾಡುತ್ತದೆ. ಬೆಸುಗೆ ಹಾಕುವುದಾ, ಕ್ರಿಂಪ್ ಮಾಡುವುದಾ? ನಾನು ಕ್ರಿಂಪ್ ಕಡೆ. ಬೆಸುಗೆ ಎಳೆಗಳೊಳಗೆ ಇಳಿದು ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ, ಅದು ಮುಗಿಯುವ ಜಾಗದಲ್ಲಿ ಎಂಜಿನ್‌ನ ನಡುಕಕ್ಕೆ ವೈರ್ ಮುರಿಯುತ್ತದೆ. ಪ್ರತಿ ಕ್ರಿಂಪನ್ನೂ ಕೈಯಿಂದ ಎಳೆದು ನೋಡಿ. ಪ್ಲಗ್ ಮಾಡುವ ಜಾಗಕ್ಕೆ ಗ್ರೀಸ್ ಸವರಿ.

ಎಂಜಿನ್ ಶುರು ಮಾಡುವ ಮೊದಲು

ಫ್ಯೂಸ್ ತೆಗೆದಿಡಿ. ಫ್ಯೂಸ್ ಹೋಲ್ಡರ್‌ನ ಗ್ರಿಪ್ ಕಡೆಯ ತುದಿಯಿಂದ ರಿಟರ್ನ್‌ಗೆ ಓಮ್ ಅಳೆಯಿರಿ. ಹೈನಲ್ಲಿ 4.8 ಹತ್ತಿರ, ಲೋನಲ್ಲಿ 19.2 ಹತ್ತಿರ, ಆಫ್‌ನಲ್ಲಿ ಓಪನ್. ನಿಮ್ಮ ಎಲಿಮೆಂಟ್ ಬೇರೆಯಾದರೆ ಅಂಕಿಯೂ ಬೇರೆ. ಆದರೆ ಲೋ ಯಾವಾಗಲೂ ಹೈಯ ನಾಲ್ಕು ಪಟ್ಟು. ಈ ಮೂರು ಅಂಕಿ ಸರಿ ಬಂದರೆ ವೈರಿಂಗ್ ಸರಿ ಇದೆ. ಹೈ ಇಟ್ಟು ಮೊನೆಗಳನ್ನು ಹಿಡಿದುಕೊಂಡೇ ಇನ್ನೊಬ್ಬರಿಂದ ಹ್ಯಾಂಡಲ್ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಅಂಕಿ ಕುಣಿದರೆ ಎಲ್ಲೋ ಲೂಸ್ ಇದೆ, ಈಗಲೇ ಹುಡುಕಿ.

ಆಮೇಲೆ ಫ್ಯೂಸ್ ಹಾಕಿ, ಹೊರಗೆ ಎಂಜಿನ್ ಶುರು ಮಾಡಿ. ಮತ್ತೆ ಅದೇ 2,000 ಸುತ್ತು. ಹೆಡ್‌ಲೈಟ್‌ನಲ್ಲಿ ವೋಲ್ಟ್ ಓದಿ, ಗ್ರಿಪ್ ಹೈ ಮಾಡಿ ಮತ್ತೆ ಓದಿ. ಒಂದಷ್ಟು ಇಳಿಯುವುದು ಸಹಜ. ಐದು ನಿಮಿಷ ಬಿಟ್ಟು ಬರಿಗೈಯಲ್ಲಿ ಗ್ರಿಪ್ ಪೂರ್ತಿ ಸವರಿ ನೋಡಿ, ಎಲ್ಲ ಕಡೆ ಒಂದೇ ಹದ ಇರಬೇಕು. ಸ್ವಿಚ್, ಫ್ಯೂಸ್ ಹೋಲ್ಡರ್, ಕನೆಕ್ಟರ್ ಕೂಡ ಮುಟ್ಟಿ. ಕನೆಕ್ಟರ್ ಬೆಚ್ಚಗಿದ್ದರೆ ಆ ಕ್ರಿಂಪ್ ಸರಿಯಾಗಿಲ್ಲ, ಕತ್ತರಿಸಿ ಹೊಸದು ಮಾಡಿ.

ಏನಾದರೂ ಸರಿ ಬರದಿದ್ದರೆ

ಸೀರೀಸ್ ಪ್ಯಾರಲಲ್ ಜೋಡಣೆಯ ಇನ್ನೊಂದು ಅನುಕೂಲ, ತಪ್ಪು ಎಲ್ಲಿದೆ ಅಂತ ಅದೇ ಹೇಳುತ್ತದೆ. ಲೋನಲ್ಲಿ ಎರಡೂ ತಣ್ಣಗೆ, ಹೈನಲ್ಲಿ ಒಂದು ಮಾತ್ರ ಬಿಸಿ ಅಂದರೆ ತಣ್ಣಗಿರುವ ಕಡೆಯ ಎಲಿಮೆಂಟ್ ಅಥವಾ ಅದರ ವೈರ್ ತುಂಡಾಗಿದೆ. ಲೋನಲ್ಲಿ ಎರಡೂ ಬಿಸಿ, ಹೈನಲ್ಲಿ ಒಂದೇ ಬಿಸಿ ಅಂದರೆ ಎಲಿಮೆಂಟ್ ಸರಿಯಿದೆ, ಸ್ವಿಚ್‌ನ ಮೇಲಿನ ಕಾಲಿನ ವೈರ್ ನೋಡಿ. ಹೈ ಸರಿ, ಲೋ ಮಾತ್ರ ಇಲ್ಲ ಅಂದರೆ ಕೆಳಗಿನ ತುಂಡು ವೈರ್. ಎರಡೂ ಕಡೆ ಎಲ್ಲ ಹಂತದಲ್ಲೂ ತಣ್ಣಗಿದ್ದರೆ ಫ್ಯೂಸ್, ಫೀಡ್, ರಿಟರ್ನ್ ಈ ಕ್ರಮದಲ್ಲಿ ನೋಡಿ. ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಫ್ಯೂಸ್ ಹೋದರೆ ವೈರ್ ಎಲ್ಲೋ ಸವೆದು ಶಾರ್ಟ್ ಆಗುತ್ತಿದೆ. ದೊಡ್ಡ ಫ್ಯೂಸ್ ಹಾಕಿ ಓಡಿಸಬೇಡಿ, ಸವೆದ ಜಾಗ ಹುಡುಕಿ.

ಮೊದಲ ಓಟ ಮನೆಯ ಸುತ್ತಲೇ ಇರಲಿ, ಅರ್ಧ ಗಂಟೆ. ವಾಪಸ್ ಬಂದು ಬಾನೆಟ್ ತೆಗೆದು ಟೈಗಳು ಸಡಿಲಾಗಿವೆಯಾ, ಬಳುಕಿನ ವೈರ್ ಎಲ್ಲಾದರೂ ಉಜ್ಜಿದ ಗುರುತಿದೆಯಾ ನೋಡಿ. ಓಮ್‌ನ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಟೂಲ್ ಕಿಟ್‌ನಲ್ಲಿ ಇಡಿ, ಜೊತೆಗೆ 5 ಆಂಪಿಯರ್‌ನ ಎರಡು ಫ್ಯೂಸ್.